ಗಾಳಿಯಿದ್ದರೂ ಸಕ್ಕರೆ ಹುಳಿಸುವ ಜೀವಕೋಶ

ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಇದೆ. ಅದಕ್ಕೆ ಡಿಸ್ಟಿಲರಿಯೂ ಇದೆ. ಡಿಸ್ಟಿಲರಿಯ ತೊಟ್ಟಿಯಲ್ಲಿ ಕಾಕಂಬಿಗೆ ಯೀಸ್ಟ್ ಬಿದ್ದರೆ ಸಾಕು, ಬುರುಬುರು ನೊರೆ ಏಳುತ್ತದೆ, ಸಕ್ಕರೆ ಮದ್ಯಸಾರವಾಗುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿಯ ಕಬ್ಬಿನ ಸೀಮೆಗೆ ಇದೇನೂ ಹೊಸದಲ್ಲ. ಆದರೆ ಇದೇ ಆಟವನ್ನು ಕ್ಯಾನ್ಸರ್ ಕೋಶವೂ ಆಡುತ್ತದೆ ಎಂದರೆ?

ಆಡುತ್ತದೆ! 1920ರ ದಶಕದಲ್ಲಿ ಜರ್ಮನಿಯ ಓಟೊ ವಾರ್ಬುರ್ಗ್ ಗಡ್ಡೆಯ ತೆಳು ಹೋಳುಗಳನ್ನು ಪರೀಕ್ಷಿಸಿದರು. ಆಮ್ಲಜನಕ ಬೇಕಾದಷ್ಟಿತ್ತು. ಆದರೂ ಅವು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿ ಹುಳಿಸುತ್ತಿದ್ದವು. 1929ರಲ್ಲಿ ಹರ್ಬರ್ಟ್ ಕ್ರ್ಯಾಬ್‌ಟ್ರೀ ಇನ್ನೊಂದು ಸೋಜಿಗ ಕಂಡರು: ಗ್ಲೂಕೋಸ್ ಸಿಕ್ಕರೆ ಗಡ್ಡೆಯ ಉಸಿರಾಟವೇ ತಗ್ಗುತ್ತದೆ. ಸಕ್ಕರೆ ಹೇರಳವಾದಾಗ ಗಾಳಿಯಿದ್ದರೂ ಮದ್ಯಸಾರ ಮಾಡುವ ಯೀಸ್ಟಿನ ಚಾಳಿಗೂ ಇಂದು ಅವರದೇ ಹೆಸರು!

ಗ್ಲೂಕೋಸಿನಿಂದ ಪೈರುವೇಟ್‌ವರೆಗೆ ಹತ್ತು ಮೆಟ್ಟಿಲು, ಹತ್ತು ಕಿಣ್ವ. ಎರಡರ ದಾರಿಯೂ ಒಂದೇ. ಅಲ್ಲಿಂದ ಯೀಸ್ಟ್ ಮದ್ಯಸಾರದತ್ತ ಹೊರಳುತ್ತದೆ, ಕ್ಯಾನ್ಸರ್ ಕೋಶ ಲ್ಯಾಕ್ಟೇಟಿನತ್ತ. ಒಂದು ಗ್ಲೂಕೋಸಿಗೆ ಸಿಗುವುದು ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಬರೀ 2. ಪೂರ್ತಿ ಉರಿಸಿದ್ದರೆ ಸುಮಾರು 30 ಸಿಗುತ್ತಿತ್ತು. ಇಂಥ ಲುಕ್ಸಾನಿನ ವ್ಯಾಪಾರ ಯಾಕೆ? ಗುಟ್ಟಿನ ಒಂದು ಎಳೆ ಕೊನೆಯ ಮೆಟ್ಟಿಲಿನ ಪಿಕೆಎಂ2 ಕಿಣ್ವದಲ್ಲಿದೆ. ಅದು ಕೈ ನಿಧಾನ ಮಾಡುತ್ತದೆ. ಹಿಂದೆ ತಡೆದು ನಿಂತ ಅಣುಗಳು ಅಡ್ಡದಾರಿ ಹಿಡಿದು ಡಿಎನ್‌ಎ, ಕೊಬ್ಬು, ಪ್ರೋಟೀನುಗಳ ಕಚ್ಚಾಮಾಲಾಗುತ್ತವೆ. ಒಂದಿದ್ದದ್ದು ಎರಡಾಗಲು ಶಕ್ತಿಯೊಂದೇ ಸಾಲದು, ಮೈ ಕಟ್ಟುವ ಸಾಮಗ್ರಿಯೂ ಬೇಕಲ್ಲ!

ಗ್ಲೂಕೋಸಿನ ಈ ಹಸಿವೇ ಕ್ಯಾನ್ಸರ್ ಕೋಶವನ್ನು ಹಿಡಿದುಕೊಡುತ್ತದೆ. ಗಡ್ಡೆ ಪತ್ತೆಹಚ್ಚುವ ಪೆಟ್ ಸ್ಕ್ಯಾನಿಗೆ ಮುಂಚೆ ರಕ್ತನಾಳಕ್ಕೆ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್ ಕೊಡುತ್ತಾರೆ. ಹೆಕ್ಸೊಕೈನೇಸ್ ಎಂಬ ಮೊದಲ ಕಿಣ್ವ ಮೋಸಹೋಗಿ ಅದಕ್ಕೆ ಫಾಸ್ಫೇಟ್ ಜೋಡಿಸುತ್ತದೆ. ಮುಂದಿನ ಕಿಣ್ವಕ್ಕೆ ಅದು ದಕ್ಕದು; ಕೋಶದಿಂದ ಹೊರಬೀಳಲೂ ಆಗದು. ಸಿಕ್ಕಿಬಿದ್ದಲ್ಲೇ ವಿಕಿರಣ ಸೂಸುತ್ತದೆ, ಪರದೆಯ ಮೇಲೆ ಗಡ್ಡೆ ಬೆಳಗುತ್ತದೆ! 110 ನಿಮಿಷದಲ್ಲಿ ಆ ವಿಕಿರಣ ಅರ್ಧಕ್ಕಿಳಿಯುತ್ತದೆ.

ಹಾಗಂತ ಬೆಲ್ಲ-ಸಕ್ಕರೆ ಬಿಟ್ಟು ಕ್ಯಾನ್ಸರನ್ನು ಉಪವಾಸ ಕೆಡವುತ್ತೇವೆಂದು ಹೊರಡಬೇಡಿ. ನಾವು ತಿನ್ನದಿದ್ದರೂ ಲಿವರ್ ತಾನೇ ಗ್ಲೂಕೋಸ್ ತಯಾರಿಸುತ್ತದೆ. ಬಿಡಬೇಕಾದ್ದು ತಂಬಾಕನ್ನು. ನಿಪ್ಪಾಣಿಗೆ ಹೆಸರು ತಂದ ಆ ಎಲೆಯಲ್ಲಿರುವ ನೈಟ್ರೊಸಮೀನ್‌ಗಳನ್ನು ಡಿಎನ್‌ಎ ಕೆಡಿಸುವ ವಿಷವಾಗಿ ಮಾರ್ಪಡಿಸುವುದು ನಮ್ಮದೇ ದೇಹದ ಕಿಣ್ವಗಳು. ಬಾಯಿಹುಣ್ಣು ಮೂರು ವಾರವಾದರೂ ಮಾಯದಿದ್ದರೆ ಅದು ಕ್ಯಾನ್ಸರಿನ ಸುಳಿವಿರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ.