ಜೂನ್‌ನ ಬಿಸಿಲು ಡಿಸೆಂಬರ್‌ಗೆ ಬಾರದು: ಜರ್ಮನಿಯಲ್ಲಿ ಮನೆಯ ಮೇಲಿನ ಸೌರ ವಿದ್ಯುತ್



ಜರ್ಮನಿಯಲ್ಲಿ ಸಾಲ ಮಾಡಿ ಮನೆ ಕೊಂಡವರ ಸಂಖ್ಯೆ ನಮ್ಮವರಲ್ಲೂ ಹೆಚ್ಚುತ್ತಿದೆ. ಮನೆ ಕೊಂಡು ಉಸಿರು ಬಿಡುವಷ್ಟರಲ್ಲಿ ಸೋಲಾರ್ ಕೊಟೇಷನ್ ಕೈಗೆ ಬರುತ್ತದೆ. ಬ್ಯಾಟರಿ ಸೇರಿ ಸುಮಾರು 15ರಿಂದ 20 ಸಾವಿರ ಯೂರೋ. ಅದರಲ್ಲಿ ದಪ್ಪಕ್ಷರದಲ್ಲಿ ಒಂದು ಅಂಕಿ: ವರ್ಷಕ್ಕೆ ಇಷ್ಟು ಯೂನಿಟ್. ಆ ಅಂಕಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಲೆಕ್ಕ ಹಾಕಿದಾಗ ಮಾತ್ರ ನಾವು ಮೋಸ ಹೋಗುತ್ತೇವೆ.

ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಡಿಸೆಂಬರ್ 21ರ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 53 ಡಿಗ್ರಿ ಮೇಲಿರುತ್ತಾನೆ. ಬರ್ಲಿನ್ನಿನಲ್ಲಿ ಅದೇ ದಿನ ಬರೀ 14 ಡಿಗ್ರಿ. ಎದುರು ಮನೆಯ ಚಿಮಣಿ, ಪಕ್ಕದವರ ಮರ, ಎಲ್ಲದರ ನೆರಳೂ ನಮ್ಮ ಮಾಡಿನ ಮೇಲೆಯೇ. ಹಗಲು ಎಂಟು ಗಂಟೆಗೂ ಕಡಿಮೆ, ಅದರಲ್ಲೂ ಬಹುಪಾಲು ಮೋಡ. ಜೂನ್‌ನಲ್ಲಾದರೆ ಹಗಲೇ ಹದಿನೇಳು ಗಂಟೆಯ ಹತ್ತಿರ.

ಬರ್ಲಿನ್ ಸುತ್ತಮುತ್ತ ದಕ್ಷಿಣಕ್ಕೆ ಇಳಿಜಾರಾದ ಮಾಡಿನ ಮೇಲೆ 8 ಕಿಲೋವ್ಯಾಟ್ ಫಲಕಗಳಿವೆ ಎಂದುಕೊಳ್ಳೋಣ. ವರ್ಷಕ್ಕೆ 7500 ಯೂನಿಟ್ ಆಸುಪಾಸು ಬರುತ್ತದೆ. ಜೂನ್ ಒಂದರಲ್ಲೇ ಸುಮಾರು 1000. ಡಿಸೆಂಬರ್‌ನಲ್ಲಿ 150ರಿಂದ 200. ಹೀಟ್ ಪಂಪ್ ಇರುವ ಮನೆಗೆ ಹೆಚ್ಚು ಕರೆಂಟು ಬೇಕಾಗುವುದು ಅಂಥ ತಿಂಗಳಲ್ಲೇ.

ಹಾಗಾದರೆ ಬ್ಯಾಟರಿ ಏಕೆ ಎಂದು ಕೇಳುತ್ತೀರಿ. ಬ್ಯಾಟರಿ ಹಗಲನ್ನು ರಾತ್ರಿಗೆ ಒಯ್ಯುತ್ತದೆ, ಬೇಸಿಗೆಯನ್ನು ಚಳಿಗಾಲಕ್ಕಲ್ಲ. ಮನೆಗೆ ಹಾಕುವ ಬ್ಯಾಟರಿ ಸಾಮಾನ್ಯವಾಗಿ ಸುಮಾರು ಹತ್ತು ಯೂನಿಟ್ ಹಿಡಿಯುತ್ತದೆ. ಬೇಸಿಗೆಯಲ್ಲಿ ಮಿಕ್ಕ ಸಾವಿರ ಯೂನಿಟ್ಟನ್ನು ಡಿಸೆಂಬರ್‌ಗೆ ಕೂಡಿಡಬೇಕಾದರೆ ಅಂಥವು ನೂರು ಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಿನಾ ದುಡಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಖಾಲಿ ಡಬ್ಬಿಯಂತೆ ನೆಲಮಾಳಿಗೆಯಲ್ಲಿ ಕೂರುತ್ತದೆ. ಆದ್ದರಿಂದ ದುಪ್ಪಟ್ಟು ಬ್ಯಾಟರಿ ಹಾಕಿಸಿಕೊಳ್ಳಿ ಎನ್ನುವ ಸಲಹೆಗೆ ನನ್ನ ಒಪ್ಪಿಗೆಯಿಲ್ಲ.

ಚಳಿಯ ಬಗ್ಗೆ ಒಂದು ಮಾತು. ಫಲಕಕ್ಕೆ ಬೇಕಿರುವುದು ಬೆಳಕು, ಸೆಕೆಯಲ್ಲ. 25 ಡಿಗ್ರಿ ದಾಟಿ ಕಾದಂತೆ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಉತ್ಪಾದನೆ ಕುಸಿಯುತ್ತದೆ. ಹಾಗಾಗಿ ತಣ್ಣನೆ ಗಾಳಿ ಬೀಸುವ, ಆಕಾಶ ತಿಳಿಯಾದ ಏಪ್ರಿಲ್ ಮಧ್ಯಾಹ್ನದಲ್ಲಿ ಮೀಟರ್ ನೋಡಲು ಚೆಂದ. ಹಿಮ ಬಿದ್ದರೆ ಏಣಿ ಹಾಕಿ ಗುಡಿಸಲು ಹತ್ತಬೇಡಿ. ಆ ದಿನಗಳ ಒಟ್ಟು ಗಳಿಕೆಯೇ ಕೆಲವು ಯೂರೋ, ಕಾಲು ಮುರಿದರೆ ಸುಧಾರಿಸಲು ತಿಂಗಳುಗಳು.

ಇನ್ನು ದುಡ್ಡಿನ ವಿಚಾರ. 2000ದಲ್ಲಿ ನವೀಕರಿಸಬಹುದಾದ ಇಂಧನ ಕಾಯ್ದೆ ಬಂದಾಗ ಗ್ರಿಡ್‌ಗೆ ಕೊಟ್ಟ ಯೂನಿಟ್‌ಗೆ 99 ಫೆನ್ನಿಗ್, ಅಂದರೆ ಸುಮಾರು 50 ಸೆಂಟ್ ಸಿಗುತ್ತಿತ್ತು, 20 ವರ್ಷಗಳ ಖಾತರಿಯೊಂದಿಗೆ. ಆಗ ಹಾಕಿಸಿದವರು ಕರೆಂಟು ಮಾರಿ ಗಳಿಸಿದರು. ಈಗ ಹೊಸದಾಗಿ ಹಾಕಿಸಿ, ಬಳಸಿ ಮಿಕ್ಕಿದ್ದನ್ನು ಕೊಟ್ಟರೆ ಸಿಗುವುದು ಸುಮಾರು 8 ಸೆಂಟ್. ನಾವು ಕೊಳ್ಳುವುದು 30ರಿಂದ 40 ಸೆಂಟ್‌ಗೆ. ಸಾಲದ್ದಕ್ಕೆ, 2025ರ ಫೆಬ್ರವರಿ 25ರ ನಂತರದ ಹೊಸ ಘಟಕಗಳಿಗೆ, ಮಾರುಕಟ್ಟೆ ದರ ಸೊನ್ನೆಗಿಂತ ಕೆಳಗಿಳಿದ ಹೊತ್ತಿನಲ್ಲಿ ಹಣವೇ ಇಲ್ಲವೆಂಬ ನಿಯಮ ಬಂದಿದೆ. ಸ್ಮಾರ್ಟ್ ಮೀಟರ್ ಬಂದ ಮೇಲೆ ಇದು ಅನ್ವಯಿಸುತ್ತದೆ. ಬಿಸಿಲು ಜೋರಾದ ಭಾನುವಾರದ ಮಧ್ಯಾಹ್ನ ಅಂಥ ಹೊತ್ತು. ಒಟ್ಟಿನಲ್ಲಿ ಮಾರುವುದಕ್ಕಿಂತ ಮನೆಯಲ್ಲೇ ಬಳಸಿದ ಯೂನಿಟ್‌ಗೆ ನಾಲ್ಕು ಪಟ್ಟು ಬೆಲೆ.

ಬಳಸುವುದೆಂದರೆ ಏನು? ಒಬ್ಬ ಅಕ್ಕ ಕೇಳಿದರು, ದೋಸೆಹಿಟ್ಟನ್ನೂ ಮಧ್ಯಾಹ್ನವೇ ರುಬ್ಬಬೇಕಾ ಅಂತ. ಬೇಡ ಅಕ್ಕಾ, ಗ್ರೈಂಡರ್ ಅರ್ಧ ಗಂಟೆ ತಿರುಗಿದರೂ ಒಂದು ಯೂನಿಟ್‌ನ ಹತ್ತನೇ ಒಂದು ಭಾಗ ಆದರೆ ಹೆಚ್ಚು. ಲೆಕ್ಕಕ್ಕೆ ಬರುವುದು ನೀರು ಕಾಯಿಸುವುದು, ಬಟ್ಟೆ ಒಣಗಿಸುವ ಯಂತ್ರ, ಪಾತ್ರೆ ತೊಳೆಯುವ ಯಂತ್ರ, ಎಲ್ಲಕ್ಕಿಂತ ಹೆಚ್ಚಾಗಿ ಕಾರು. ಇವನ್ನು ಟೈಮರ್ ಹಾಕಿ ನಡುಹಗಲಿಗೆ ಸರಿಸಿ. ದಿನವಿಡೀ ಆಫೀಸಿನಲ್ಲಿರುವವರಿಗೆ ಪೂರ್ವ-ಪಶ್ಚಿಮ ಇಳಿಜಾರಿನ ಮಾಡು ವರ. ಒಟ್ಟು ಸ್ವಲ್ಪ ಕಡಿಮೆ ಬಂದರೂ ಬೆಳಿಗ್ಗೆ, ಸಂಜೆ ನಾವು ಮನೆಯಲ್ಲಿರುವಾಗ ಬರುತ್ತದೆ.

ಇನ್ವರ್ಟರ್ ಎಂಬ ಪದದಿಂದಲೂ ನಮಗೆ ಗೊಂದಲ. ಊರಿನಲ್ಲಿ ಇನ್ವರ್ಟರ್ ಎಂದರೆ ಕರೆಂಟು ಹೋದಾಗ ಫ್ಯಾನು, ಲೈಟು ಉಳಿಸುವ ಬ್ಯಾಟರಿ ಪೆಟ್ಟಿಗೆ. ಇಲ್ಲಿ ಅದು ಫಲಕದ ಏಕಮುಖ ವಿದ್ಯುತ್ತನ್ನು ಮನೆಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಮಾಡುವ ಯಂತ್ರ. ಬೀದಿಯಲ್ಲಿ ಕರೆಂಟು ಹೋದರೆ, ನೆತ್ತಿಯ ಮೇಲೆ ಸೂರ್ಯನಿದ್ದರೂ ಅದು ತಾನೇ ನಿಂತುಬಿಡುತ್ತದೆ. ಇಲ್ಲದಿದ್ದರೆ ತಂತಿ ಸರಿಪಡಿಸಲು ಬಂದ ಲೈನ್‌ಮನ್‌ಗೆ ನಮ್ಮ ಮನೆಯಿಂದಲೇ ಶಾಕ್ ಹೊಡೆದೀತು. ಕತ್ತಲಾದರೂ ನಮ್ಮ ಮನೆ ಬೆಳಗಬೇಕೆಂದರೆ "ಎರ್ಸಾಟ್ಸ್‌ಸ್ಟ್ರೋಮ್" ವ್ಯವಸ್ಥೆ ಬೇಕು. "ನೋಟ್‌ಸ್ಟ್ರೋಮ್" ಎಂದು ಬರೆದಿದ್ದರೆ ಹಲವು ಸಲ ಒಂದೇ ಒಂದು ಪ್ಲಗ್ ಪಾಯಿಂಟ್ ಅಷ್ಟೆ. ಸಹಿ ಹಾಕುವ ಮುನ್ನ ಯಾವುದೆಂದು ಕೇಳಿ ಬರೆಸಿಕೊಳ್ಳಿ.

ಐದು ವರ್ಷದಲ್ಲಿ ಊರಿಗೆ ಮರಳುವ ಯೋಚನೆ ಇರುವವರಿಗೆ ನನ್ನ ನೇರ ಮಾತು: ಹಾಕಿದ ಹಣ ವಾಪಸಾಗಲು ಹತ್ತು ವರ್ಷಕ್ಕೂ ಮೇಲೆ ಬೇಕಾಗಬಹುದು. ಮನೆ ಮಾರಿದರೆ ಉಳಿದ ವರ್ಷಗಳ ದರದ ಹಕ್ಕು ಘಟಕದೊಂದಿಗೆ ಕೊಂಡವರಿಗೆ ಹೋಗುತ್ತದೆ. ಮಾರುವಾಗ ಅದಕ್ಕೆ ಬೆಲೆ ಕಟ್ಟಿ. ಬಾಡಿಗೆ ಮನೆಯವರಿಗೆ ಬಾಲ್ಕನಿ ಘಟಕವಿದೆ. 800 ವ್ಯಾಟ್ ಇನ್ವರ್ಟರ್, ಕೆಲವು ನೂರು ಯೂರೋ ಖರ್ಚು, ಮನೆ ಬದಲಿಸಿದರೆ ಜೊತೆಗೇ ಒಯ್ಯಬಹುದು. 2024ರ ಅಕ್ಟೋಬರ್‌ನಿಂದ ಮನೆ ಮಾಲೀಕರು ತಕ್ಕ ಕಾರಣವಿಲ್ಲದೆ ಬೇಡವೆನ್ನುವಂತಿಲ್ಲ, ಆದರೆ ಕೇಳಿಯೇ ಹಾಕಬೇಕು.

ಚಿಕ್ಕದಾಗಲಿ ದೊಡ್ಡದಾಗಲಿ, ಚಾಲೂ ಆದ ಒಂದು ತಿಂಗಳೊಳಗೆ ಮಾರ್ಕ್‌ಟ್‌ಸ್ಟಾಮ್‌ಡಾಟೆನ್‌ರೆಗಿಸ್ಟರ್‌ನಲ್ಲಿ ನೋಂದಾಯಿಸಿ. 2023ರಿಂದ ಮನೆಯ ಘಟಕಗಳ ಮೇಲೆ ಮಾರಾಟ ತೆರಿಗೆ ಸೊನ್ನೆ. ಬಿಲ್ಲಿನಲ್ಲಿ 19 ಶೇಕಡಾ ಕಂಡರೆ ಹಣ ಕಟ್ಟುವ ಮೊದಲೇ ಪ್ರಶ್ನಿಸಿ.