ಭಯದ ಹತ್ತಿರ ಹೋಗಿ ಭಯ ಕಳೆಯುವ ಚಿಕಿತ್ಸೆ

ನಾಯಿಗೆ ವಿಪರೀತ ಹೆದರುವವರನ್ನು ಚಿಕಿತ್ಸೆಯಲ್ಲಿ ನಾಯಿಯ ಹತ್ತಿರವೇ ಕರೆದೊಯ್ಯುವುದೇಕೆ?

ಇಂಥ ಭಯವನ್ನು ಪೋಷಿಸುವುದು ತಪ್ಪಿಸಿಕೊಳ್ಳುವ ಅಭ್ಯಾಸ. ನಾಯಿ ಕಂಡೊಡನೆ ದಾರಿ ಬದಲಿಸಿದರೆ ಎದೆಬಡಿತ ಇಳಿಯುತ್ತದೆ. ದೂರ ಸರಿದದ್ದರಿಂದಲೇ ಉಳಿದೆ ಎಂದು ಮಿದುಳು ನಂಬುತ್ತದೆ. ಆ ನಂಬಿಕೆ ಪರೀಕ್ಷೆಗೆ ಒಳಗಾಗುವುದೇ ಇಲ್ಲ. ಚಿಕಿತ್ಸೆಯಲ್ಲಿ ಮೊದಲು ನಾಯಿಯ ಚಿತ್ರ, ಆಮೇಲೆ ದೂರದಲ್ಲಿ ಕಟ್ಟಿದ ನಾಯಿ, ಕೊನೆಗೆ ಅದರ ಬೆನ್ನು ಸವರುವುದು. ಬಲವಂತ ಸಲ್ಲದು, ವ್ಯಕ್ತಿ ಒಪ್ಪಿದಷ್ಟೇ ಮುಂದಕ್ಕೆ. ಅಂಜಿದ ಅಪಾಯ ಬರಲಿಲ್ಲವೆಂಬ ಹೊಸ ಪಾಠವನ್ನು ಮಿದುಳು ಕಲಿಯುವುದು ಓಡದೆ ನಿಂತಾಗ ಮಾತ್ರ. 1924ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುವ ಮಗುವಿನ ಬಳಿಗೆ ಮೊಲವನ್ನು ಹಂತಹಂತವಾಗಿ ತಂದ ಪ್ರಯೋಗವನ್ನು ಪ್ರಕಟಿಸಿದ್ದರು. ಹಳೆಯ ಭಯ ಪೂರ್ತಿ ಅಳಿಯುವುದಿಲ್ಲ. ಹೊಲದಲ್ಲಿ ಹೊಸ ಕಾಲುದಾರಿ ಸವೆದಂತೆ ಹಳೆಯದರ ಮೇಲೆ ಹುಲ್ಲು ಬೆಳೆಯುತ್ತದೆ, ಅಷ್ಟೆ. ಅದಕ್ಕೇ ಬೇರೆ ಬೇರೆ ನಾಯಿಗಳೊಡನೆ, ಬೇರೆ ಬೇರೆ ಬೀದಿಗಳಲ್ಲಿ ಅಭ್ಯಾಸ ಮುಂದುವರಿಸಬೇಕು.