ವೇಕ್‌ಬೋರ್ಡ್ ದೋಣಿಗಳಲ್ಲಿ ನೀರಿನ ಬ್ಯಾಲಸ್ಟ್ ಅಳವಡಿಕೆ: ದೋಣಿ ಮಾಲೀಕರ ಮಾಹಿತಿಗಾಗಿ

ವೇಕ್‌ಬೋರ್ಡಿಂಗ್ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದು ಇತರ ದೇಶಗಳಿಗೆ ಹರಡಿದ ಜಲಕ್ರೀಡೆಯಾಗಿದೆ. ಕ್ರೀಡಾಪಟುವು ಹಲಗೆಯ ಮೇಲೆ ನಿಂತು, ದೋಣಿಗೆ ಕಟ್ಟಿದ ಹಗ್ಗವನ್ನು ಹಿಡಿದು, ದೋಣಿಯ ಹಿಂದೆ ಏಳುವ ಅಲೆಯಿಂದ ಮೇಲಕ್ಕೆ ಜಿಗಿಯುತ್ತಾನೆ. ದೋಣಿಯು ನೀರಿನಲ್ಲಿ ಆಳವಾಗಿ ಕುಳಿತಷ್ಟೂ ಅಲೆಯು ದೊಡ್ಡದಾಗುವುದರಿಂದ, ಸರೋವರದ ನೀರನ್ನೇ ಚೀಲ ಅಥವಾ ತೊಟ್ಟಿಗಳಿಗೆ ತುಂಬಿ ಭಾರವನ್ನು ಹೆಚ್ಚಿಸಲಾಗುತ್ತದೆ. ಇದನ್ನೇ ನೀರಿನ ಬ್ಯಾಲಸ್ಟ್ ಎನ್ನುವರು.

ಭಾರದ ಲೆಕ್ಕ

ಬ್ಯಾಲಸ್ಟ್ ನೀರು ಸಹ ದೋಣಿಯ ಹೊರೆಯೇ ಎಂಬುದನ್ನು ಮಾಲೀಕರು ಮೊದಲಿಗೆ ಗಮನಿಸತಕ್ಕದ್ದು. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. ತಲಾ 180 ಲೀಟರಿನ ಎರಡು ಚೀಲಗಳನ್ನು ತುಂಬಿದರೆ 360 ಕಿಲೋಗ್ರಾಂ, ಅಂದರೆ ಸುಮಾರು ಐವರು ವಯಸ್ಕರ ತೂಕ. ಹತ್ತು ಜನರ ಸಾಮರ್ಥ್ಯದ ದೋಣಿಯಲ್ಲಿ ಆಗ ಉಳಿಯುವುದು ಐವರಿಗಷ್ಟೇ ಸ್ಥಳ. ಆಸನಗಳು ಖಾಲಿ ಕಾಣುತ್ತವೆ ಎಂಬುದು ಇದಕ್ಕೆ ಉತ್ತರವಾಗದು. ಅಮೆರಿಕದಲ್ಲಿ ತಯಾರಾದ ದೋಣಿಗಳ ಸಾಮರ್ಥ್ಯ ಫಲಕದಲ್ಲಿ ತೂಕವನ್ನು ಪೌಂಡುಗಳಲ್ಲಿ ನಮೂದಿಸಿರುತ್ತಾರೆ. ಒಂದು ಪೌಂಡು 0.45 ಕಿಲೋಗ್ರಾಂಗೆ ಸಮ.

ಅರ್ಧ ತುಂಬಿದ ತೊಟ್ಟಿಯು ಪೂರ್ಣ ತುಂಬಿದ ತೊಟ್ಟಿಗಿಂತ ಅಪಾಯಕಾರಿ. ದೋಣಿಯು ಒಂದು ಬದಿಗೆ ವಾಲಿದೊಡನೆ ಒಳಗಿನ ನೀರೂ ಅದೇ ಬದಿಗೆ ಹರಿದು ವಾಲುವಿಕೆಯನ್ನು ಹೆಚ್ಚಿಸುತ್ತದೆ. ತೊಟ್ಟಿಯ ಅಗಲ ಎರಡರಷ್ಟಾದರೆ ಈ ಪರಿಣಾಮವು ಎಂಟರಷ್ಟಾಗುವುದು. ಆದ್ದರಿಂದ ಅಗಲವಾದ ಒಂದು ತೊಟ್ಟಿಯ ಬದಲು ಕಿರಿದಾದ ಎರಡನ್ನು ಎಡಬಲಗಳಲ್ಲಿ ಇರಿಸಿ, ಅವುಗಳ ನಡುವೆ ನೀರು ಹರಿಯದಂತೆ ಪ್ರತ್ಯೇಕವಾಗಿಡುವುದು ಸೂಕ್ತ. ಮುಂಭಾಗದಲ್ಲಿ ಭಾರ ಮಿತಿಮೀರಿದರೆ, ವೇಗ ತಗ್ಗಿಸಿ ತಿರುಗುವಾಗ ದೋಣಿಯು ತನ್ನದೇ ಅಲೆಯನ್ನು ಒಳಗೆ ತೆಗೆದುಕೊಳ್ಳುವ ಸಂಭವವಿದೆ.

ಅಳವಡಿಕೆ

ತಳದಲ್ಲಿ ಕೊರೆಯುವ ರಂಧ್ರವೇ ಇಡೀ ಕೆಲಸದ ಸೂಕ್ಷ್ಮ ಭಾಗ. ಕೊಳವೆಯು ಎಲ್ಲಿ ಬಿರಿದರೂ ನೀರು ಈ ಮಾರ್ಗವಾಗಿ ನೇರವಾಗಿ ದೋಣಿಯನ್ನು ಸೇರುತ್ತದೆ. ರಂಧ್ರದ ಪಕ್ಕದಲ್ಲಿಯೇ, ಕೈಗೆಟುಕುವಂತೆ, ತಿರುವಿ ಮುಚ್ಚಬಹುದಾದ ಲೋಹದ ವಾಲ್ವ್ ಇರಬೇಕು. ಬಳಕೆಯಿಲ್ಲದಾಗ ಅದನ್ನು ಮುಚ್ಚಿಡಬೇಕು. ಪಂಪು ನಿಂತ ಮೇಲೂ ನೀರು ತಾನಾಗಿ ಹರಿಯದಂತೆ, ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಬಾಗಿಸಿ ಅಲ್ಲಿ ಗಾಳಿಕಿಂಡಿಯನ್ನು ಇಡಲಾಗುತ್ತದೆ.

ಪೆಟ್ರೋಲ್ ಎಂಜಿನ್ ಇರುವ ಕೋಣೆಯಲ್ಲಿ ಕಿಡಿ ಹೊರಬಾರದಂತೆ ದೋಣಿಗಳಿಗೆಂದೇ ತಯಾರಿಸಿದ ಪಂಪುಗಳನ್ನು ಮಾತ್ರ ಬಳಸತಕ್ಕದ್ದು. ಇತರ ಪಂಪುಗಳು ಅಗ್ಗವಾಗಿ ದೊರೆಯುವುದು ನಿಜವಾದರೂ, ತಳದಲ್ಲಿ ಸೇರಿದ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಪ್ರತಿ ಪಂಪಿಗೂ ಪ್ರತ್ಯೇಕ ಫ್ಯೂಸ್ ಇರಲಿ. ರಬ್ಬರ್ ಎಲೆಗಳುಳ್ಳ ಪಂಪುಗಳು ನೀರಿಲ್ಲದೆ ಓಡಿದರೆ ಬೇಗನೆ ಸುಟ್ಟುಹೋಗುತ್ತವೆ.

ಒಂದು ಜಲಾಶಯದಲ್ಲಿ ತುಂಬಿದ ನೀರನ್ನು ಅಲ್ಲಿಯೇ ಹೊರಹಾಕಿ, ತೊಟ್ಟಿಗಳನ್ನು ಒಣಗಿಸದೆ ದೋಣಿಯನ್ನು ಬೇರೆ ಜಲಾಶಯಕ್ಕೆ ಇಳಿಸಬಾರದು. ಅಮೆರಿಕದ ಸರೋವರಗಳಲ್ಲಿ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಯ ಹರಡುವಿಕೆಗೆ ದೋಣಿಗಳ ಸಾಗಾಟವೂ ಒಂದು ಕಾರಣ. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ಪಂಪಿನ ತಳದಲ್ಲಿ ಉಳಿಯುವ ಸ್ವಲ್ಪ ನೀರೇ ಅವುಗಳಿಗೆ ಸಾಕಾಗುತ್ತದೆ.

ನೋಂದಣಿ

ಭಾರತದಲ್ಲಿ 1917ರ ಒಳನಾಡು ಹಡಗುಗಳ ಅಧಿನಿಯಮದ ಸ್ಥಾನದಲ್ಲಿ 2021ರ ಅಧಿನಿಯಮವನ್ನು ತರಲಾಗಿದೆ. ನೋಂದಾಯಿತ ಯಾಂತ್ರಿಕ ದೋಣಿಯಲ್ಲಿ, ನೋಂದಣಿ ಪತ್ರದ ವಿವರಗಳಿಗೆ ಹೊಂದದಂತಹ ಮಾರ್ಪಾಡು ಮಾಡಿದಲ್ಲಿ ಅದನ್ನು ನೋಂದಾಯಿಸಬೇಕಾಗುತ್ತದೆ. ಆದಕಾರಣ ಬ್ಯಾಲಸ್ಟ್ ಅಳವಡಿಸಲು ಇಚ್ಛಿಸುವವರು ತಳವನ್ನು ಕೊರೆಯುವ ಮೊದಲೇ ನೋಂದಣಿ ಪ್ರಾಧಿಕಾರವನ್ನು ವಿಚಾರಿಸುವುದು ಒಳಿತು. ತೊಟ್ಟಿಗಳ ಸ್ಥಳ ಮತ್ತು ಸಾಮರ್ಥ್ಯವನ್ನು ತೋರಿಸುವ ನಕ್ಷೆ, ತುಂಬಿದಾಗಿನ ಒಟ್ಟು ಭಾರದ ಲೆಕ್ಕ ಹಾಗೂ ಸಾಮರ್ಥ್ಯ ಫಲಕದ ಛಾಯಾಚಿತ್ರ ಕೈಯಲ್ಲಿದ್ದರೆ ವಿಚಾರಣೆ ಸುಲಭವಾಗುತ್ತದೆ.